ಬ್ರಯಾನ್ ಮೇ ಗಿಟಾರಿನ ಆ ದನಿ ಬರೋದು ಎಲ್ಲಿಂದ? ಪೆಡಲ್ ಕೊಂಡರೂ ಬರ್ತಿಲ್ಲ

ಆರು_ತಂತಿ:

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ಒಂದೇ ಸೌಂಡಿನ ಹಿಂದೆ ಬಿದ್ದಿದ್ದೇನೆ. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಅವರ ಗಿಟಾರ್ ಇದೆಯಲ್ಲ, ಒಂದು ಸ್ವರ ಎಳೆದರೆ ಯಾರೋ ಬಾಯಲ್ಲಿ ಹಾಡಿದ ಹಾಗಿರುತ್ತದೆ. ಒರಟು ಇದೆ, ಆದರೆ ಕಿವಿಗೆ ಚುಚ್ಚುವುದಿಲ್ಲ. ನನಗೆ ಬೇಕಿರೋದು ಅದು.

ನನ್ನ ಹತ್ತಿರ ಸ್ಟ್ರಾಟ್ ಮಾದರಿಯ ಗಿಟಾರ್ ಇದೆ, ತಂತಿಯ ಕಂಪನವನ್ನ ಸಿಗ್ನಲ್ ಮಾಡೋ ಪಿಕಪ್ ಮೂರು, ಎಲ್ಲಾ ಸಿಂಗಲ್ ಕಾಯಿಲ್. ಜೊತೆಗೆ 15 ವಾಟಿನ ಟ್ರಾನ್ಸಿಸ್ಟರ್ ಆಂಪ್ (ಆಂಪ್ಲಿಫೈಯರ್). ಅಂಗಡಿಯವರು ಹೇಳಿದರು ಅಂತ ಸೌಂಡನ್ನ ಒರಟು ಮಾಡೋ ಒಂದು ಡಿಸ್ಟಾರ್ಷನ್ ಪೆಡಲ್ ತಗೊಂಡೆ. ಅದರ ಗೇನ್, ಅಂದರೆ ಒರಟು ಹೆಚ್ಚಿಸೋ ಗುಂಡಿ, ಪೂರ್ತಿ ತಿರುಗಿಸಿದರೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತದೆ, ಎರಡು ತಂತಿ ಒಟ್ಟಿಗೆ ನುಡಿಸಿದರೆ ಯಾವ ಸ್ವರ ಅಂತಲೇ ಗೊತ್ತಾಗೋದಿಲ್ಲ. ಗೇನ್ ಕಮ್ಮಿ ಮಾಡಿದರೆ ಸ್ವರ ನಿಲ್ಲುವುದೇ ಇಲ್ಲ.

ಈಗ ಇನ್ನೊಂದು ಪೆಡಲ್ ಕೊಳ್ಳಬೇಕಾ, ಗಿಟಾರ್ ಬದಲಿಸಬೇಕಾ, ಆಂಪ್ ಬದಲಿಸಬೇಕಾ? ಎಲ್ಲಾ ಒಟ್ಟಿಗೆ ನನ್ನ ಕೈಲಾಗೋದಿಲ್ಲ. ಬಾಡಿಗೆ ಮನೆ, ಕೆಳಗಡೆ ಓನರ್ ಇದ್ದಾರೆ, ಜೋರಾಗಿ ನುಡಿಸೋ ಹಾಗೂ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ_ವಾಲ್ವ್:

ಮೊದಲು ಆ ಡಿಸ್ಟಾರ್ಷನ್ ಪೆಡಲ್ ಪಕ್ಕಕ್ಕಿಡಿ. ಅವರ ಸೌಂಡಿನಲ್ಲಿ ಆ ಥರದ ಪೆಡಲ್ ಇಲ್ಲವೇ ಇಲ್ಲ. ನೀವು ಕೇಳ್ತಿರೋ ಒರಟುತನ ಪೂರ್ತಿ ಆಂಪಿನದ್ದು.

ಬ್ರಯಾನ್ ಬಳಸೋದು ವಾಕ್ಸ್ ಎಸಿ30 ಅನ್ನೋ ಆಂಪ್. 30 ವಾಟ್, ನಾಲ್ಕು ಇಎಲ್84 ವಾಲ್ವ್ (ಹಳೇ ರೇಡಿಯೋದಲ್ಲಿರ್ತಿದ್ದ ಥರದ ಗಾಜಿನ ಕೊಳವೆ), ಎರಡು 12 ಇಂಚಿನ ಸ್ಪೀಕರ್. ಅದರ ನಾರ್ಮಲ್ ಚಾನೆಲ್‌ಗೆ ವೈರ್ ಹಾಕಿ ವಾಲ್ಯೂಮ್ ಪೂರ್ತಿ ಕೊನೆವರೆಗೆ ತಿರುಗಿಸಿಬಿಡ್ತಾರೆ, ಅಷ್ಟೇ. ವಾಲ್ವಿಗೆ ತಡೆಯೋದಕ್ಕಿಂತ ಜಾಸ್ತಿ ಸಿಗ್ನಲ್ ಹೋದಾಗ ಅದು ಟ್ರಾನ್ಸಿಸ್ಟರ್ ಥರ ಕತ್ತರಿಸಿದ ಹಾಗೆ ಒಡೆಯುವುದಿಲ್ಲ, ಮೆತ್ತಗೆ ಬಗ್ಗುತ್ತದೆ. ಹಾಡಿದ ಹಾಗೆ ಕೇಳೋದು ಅದಕ್ಕೇ.

ಗಿಟಾರಿಗೂ ಆಂಪಿಗೂ ನಡುವೆ ಒಂದು ಪುಟ್ಟ ಡಬ್ಬಿ ಇರುತ್ತದೆ, ಟ್ರೆಬಲ್ ಬೂಸ್ಟರ್. ಇದರ ಕಥೆ ನನಗೆ ತುಂಬಾ ಇಷ್ಟ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ನುಡಿಸ್ತಿದ್ದಾಗ ಹುಡುಗ ಬ್ರಯಾನ್ ಕೇಳೋಕೆ ಹೋಗಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನೇರವಾಗಿ ಅವರ ಹತ್ತಿರ ಹೋಗಿ ಈ ಸೌಂಡ್ ಹೇಗೆ ಬರುತ್ತೆ ಅಂತ ಕೇಳಿಬಿಟ್ಟರು. ಗ್ಯಾಲಗರ್ ಏನನ್ನೂ ಮುಚ್ಚಿಡದೆ ತಮ್ಮ ಎಸಿ30 ಆಂಪನ್ನೂ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನೋ ಟ್ರೆಬಲ್ ಬೂಸ್ಟರನ್ನೂ ತೋರಿಸಿದರು. ಅವತ್ತಿಂದ ಇವತ್ತಿನವರೆಗೂ ಬ್ರಯಾನ್ ಅದೇ ಜೋಡಿ ಬಿಟ್ಟಿಲ್ಲ. ಬೂಸ್ಟರ್ ತಯಾರಿಸಿಕೊಟ್ಟವರು ಬದಲಾದರು, ದಾರಿ ಅದೇ.

ರೇಂಜ್‌ಮಾಸ್ಟರ್ ಒಳಗಿರೋದು ಒಂದೇ ಒಂದು ಜರ್ಮೇನಿಯಂ ಟ್ರಾನ್ಸಿಸ್ಟರ್. ಒಳಬರುವ ಕಡೆ ಸಣ್ಣ ಕೆಪಾಸಿಟರ್ ಇರೋದರಿಂದ ತಗ್ಗಿನ ಸ್ವರಗಳು ಅಲ್ಲೇ ಸೋಸಿಹೋಗುತ್ತವೆ. ತಗ್ಗು ಸ್ವರ ಜಾಸ್ತಿಯಿದ್ದರೆ ಆಂಪ್ ಒಡೆಯೋವಾಗ ಎಲ್ಲಾ ಕಲಸುಮೇಲೋಗರ ಆಗುತ್ತದೆ. ನಿಮಗೆ ಈಗ ಆಗ್ತಿರೋದು ಇದೇ. ಬೂಸ್ಟರನ್ನ ಗಿಟಾರ್ ಆದ ತಕ್ಷಣ ಮೊದಲನೆಯದಾಗಿ ಹಾಕಬೇಕು, ಎರಡರ ನಡುವೆ ಬೇರೆ ಪೆಡಲ್ ಬಂದರೆ ಸೌಂಡ್ ಗಡುಸಾಗುತ್ತದೆ.

ಇನ್ನೊಂದು ವಿಷಯ. ಬ್ರಯಾನ್ ಒರಟಿಲ್ಲದ ಕ್ಲೀನ್ ಸೌಂಡ್ ಬೇಕಾದಾಗ ಪೆಡಲ್ ತುಳಿಯೋದಿಲ್ಲ, ಗಿಟಾರಿನ ವಾಲ್ಯೂಮ್ ಗುಂಡಿ ಕಮ್ಮಿ ಮಾಡ್ತಾರೆ. ಆಂಪ್ ಹಾಗೇ ಪೂರ್ತಿ ಇರುತ್ತದೆ. ಕಿರುಬೆರಳು ಆ ಗುಂಡಿ ಮೇಲೆ ಕೂರೋದನ್ನ ಅಭ್ಯಾಸ ಮಾಡಿ.

ಬೆಸುಗೆ_ಹೊಗೆ:

ಮೇಲಿನವರು ಹೇಳಿದ್ದು ಸರಿ, ಆದರೆ ಗಿಟಾರನ್ನ ಬಿಟ್ಟುಬಿಟ್ಟರು. ನನ್ನ ಪ್ರಕಾರ ಅರ್ಧ ಸೌಂಡ್ ಅಲ್ಲೇ ಇದೆ.

ಬ್ರಯಾನ್ ನುಡಿಸೋ ರೆಡ್ ಸ್ಪೆಷಲ್ ಅಂಗಡಿಯಲ್ಲಿ ಕೊಂಡ ಗಿಟಾರ್ ಅಲ್ಲ. 1963ರಲ್ಲಿ, ಹದಿನಾರು ವರ್ಷದ ಹುಡುಗ, ಫೆಂಡರ್ ಗಿಟಾರ್ ಕೊಳ್ಳೋಕೆ ಮನೆಯಲ್ಲಿ ದುಡ್ಡಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಅಪ್ಪ ಮಗ ಕೂತು ಸುಮಾರು ಎರಡು ವರ್ಷ ಕೈಯಲ್ಲೇ ಮಾಡಿದರು. ಕತ್ತಿನ ಮರ ಹಳೇ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ. ಅದರಲ್ಲಿ ಹುಳ ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುರುಕಿ ಮುಚ್ಚಿದರು! ಸ್ವರವನ್ನ ಅಲುಗಿಸೋ ಟ್ರೆಮೊಲೊಗೆ ಹಳೇ ಮೋಟರ್‌ಸೈಕಲ್ ಎಂಜಿನ್ನಿನ ವಾಲ್ವ್ ಸ್ಪ್ರಿಂಗ್ ಎರಡು. ಆ ಟ್ರೆಮೊಲೊ ಕಡ್ಡಿಯ ತುದಿ ಅಮ್ಮನ ಹೆಣಿಗೆ ಕಡ್ಡಿಯದು, ಫ್ರೆಟ್ ಬೋರ್ಡಿನ ಮೇಲಿನ ಬಿಳಿ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಮನೆಯವರೆಲ್ಲರ ಒಂದೊಂದು ಚೂರು ಆ ಗಿಟಾರಿನಲ್ಲಿದೆ. 2002ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೇರಿದ ಐವತ್ತನೇ ವರ್ಷದ ಸಂಭ್ರಮಕ್ಕೆ ಬಕಿಂಗ್‌ಹ್ಯಾಮ್ ಅರಮನೆ ಮಾಳಿಗೆ ಮೇಲೆ ನಿಂತು ನುಡಿಸಿದ್ದೂ ಇದನ್ನೇ.

ಈಗ ನಿಮ್ಮ ಕೆಲಸಕ್ಕೆ ಬರೋ ವಿಷಯ. ಅದರಲ್ಲಿರೋದೂ ಸಿಂಗಲ್ ಕಾಯಿಲ್ ಪಿಕಪ್ಪೇ, ಬರ್ನ್ಸ್ ಟ್ರೈಸಾನಿಕ್ ಮೂರು. ಆದರೆ ನಿಮ್ಮ ಸ್ಟ್ರಾಟಿನಲ್ಲಿ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಅವು ಪ್ಯಾರಲಲ್ ಆಗಿ ಸೇರುತ್ತವೆ, ರೆಡ್ ಸ್ಪೆಷಲ್‌ನಲ್ಲಿ ಸೀರೀಸ್. ಟಾರ್ಚಿನಲ್ಲಿ ಸೆಲ್ ಒಂದರ ಹಿಂದೊಂದು ಹಾಕ್ತೀವಲ್ಲ, ಹಾಗೆ. ಸೌಂಡ್ ದಪ್ಪ ಆಗುತ್ತದೆ, ಸಿಗ್ನಲ್ ಜೋರಾಗುತ್ತದೆ, ಆಂಪ್ ಬೇಗ ಒಡೆಯುತ್ತದೆ. ಪ್ರತಿ ಪಿಕಪ್ಪಿಗೂ ಒಂದು ಆನ್ ಆಫ್ ಸ್ವಿಚ್, ಒಂದು ಫೇಸ್ (ಸಿಗ್ನಲ್ಲಿನ ಏರಿಳಿತ) ಉಲ್ಟಾ ಮಾಡೋ ಸ್ವಿಚ್, ಒಟ್ಟು ಆರು. ಅವರು ಜಾಸ್ತಿ ಬಳಸೋದು ಬ್ರಿಜ್ (ತಂತಿಗಳ ಕೆಳತುದಿ) ಹತ್ತಿರದ್ದು ಮತ್ತು ನಡುವಿನ ಪಿಕಪ್ ಜೋಡಿ. ಫೇಸ್ ಉಲ್ಟಾ ಮಾಡಿದರೆ ತಗ್ಗು ಸ್ವರ ಒಂದನ್ನೊಂದು ಕಳೆದುಕೊಂಡು ಮೂಗಿನಲ್ಲಿ ಹಾಡಿದ ಹಾಗೆ ಚೂಪಾದ ದನಿ ಬರುತ್ತದೆ.

ನಿಮ್ಮ ಗಿಟಾರಿನಲ್ಲೂ ಬ್ರಿಜ್, ನಡುವಿನದು ಎರಡನ್ನ ಸೀರೀಸ್ ಮಾಡಬಹುದು. ಒಂದು ಸಣ್ಣ ಸ್ವಿಚ್, ನಾಲ್ಕೈದು ಬೆಸುಗೆ. ಗಿಟಾರ್ ಬದಲಿಸಬೇಡಿ.

ಆರು_ತಂತಿ:

ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೀರೀಸ್ ವೈರಿಂಗ್ ಖಂಡಿತ ಮಾಡಿಸ್ತೀನಿ. ಆದರೆ ಎಸಿ30 ಕೊಳ್ಳೋದು ಆಗದ ಮಾತು, ಕೊಂಡರೂ ಈ ಮನೆಯಲ್ಲಿ ಪೂರ್ತಿ ವಾಲ್ಯೂಮ್ ಇಡೋಕಾಗಲ್ಲ. ಇದಕ್ಕೇನು ದಾರಿ? ಮತ್ತೆ ಅವರು ಪಿಕ್ ಬದಲು ನಾಣ್ಯದಲ್ಲಿ ನುಡಿಸ್ತಾರೆ ಅಂತ ಕೇಳಿದೆ, ಅದರಿಂದ ನಿಜಕ್ಕೂ ವ್ಯತ್ಯಾಸ ಆಗುತ್ತಾ?

ಮೂರನೇ_ಫ್ರೆಟ್:

ನಾಣ್ಯದ ಬಗ್ಗೆ ನಾನು ಹೇಳ್ತೀನಿ, ಹತ್ತು ವರ್ಷದಿಂದ ಹಾಗೇ ನುಡಿಸ್ತಿದ್ದೀನಿ. ವ್ಯತ್ಯಾಸ ಆಗುತ್ತದೆ, ಬಹಳ.

ಬ್ರಯಾನ್ ಅವರದ್ದು ಇಂಗ್ಲೆಂಡಿನ ಹಳೇ ಸಿಕ್ಸ್‌ಪೆನ್ಸ್ ನಾಣ್ಯ. ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಸಡಿಲವಾಗಿ ಹಿಡಿದು ಚಪ್ಪಟೆಯಾಗಿ ತಾಗಿಸಿದರೆ ಸ್ವರ ನಯವಾಗಿ ಶುರುವಾಗುತ್ತದೆ, ಸ್ವಲ್ಪ ಓರೆ ಮಾಡಿದರೆ ಆ ಗೀರುಗಳು ತಂತಿಯನ್ನ ಉಜ್ಜಿ ಪ್ರತಿ ಸ್ವರದ ಮುಂದೆ ಒಂದು ಚರ್ ಅನ್ನೋ ಸದ್ದು ಬರುತ್ತದೆ, ಮಾತಾಡೋವಾಗ ವ್ಯಂಜನ ಇದ್ದ ಹಾಗೆ. ಪ್ಲಾಸ್ಟಿಕ್ ಪಿಕ್ ಬಗ್ಗುತ್ತದೆ, ನಾಣ್ಯ ಬಗ್ಗೋದಿಲ್ಲ, ಹಾಗಾಗಿ ತಂತಿ ಎಷ್ಟು ಜೋರು ತಾಗಿತು ಅನ್ನೋದು ಬೆರಳಿಗೆ ನೇರವಾಗಿ ಗೊತ್ತಾಗುತ್ತದೆ.

ಸಿಕ್ಸ್‌ಪೆನ್ಸ್ ಹುಡುಕಿಕೊಂಡು ಹೋಗಬೇಡಿ. ನಮ್ಮ ಹಳೇ ನಾಲ್ಕಾಣೆ ಹೆಚ್ಚುಕಮ್ಮಿ ಅದೇ ಅಗಲ. ಸ್ಟೀಲಿನದು ಬೇಡ, ಅದಕ್ಕಿಂತ ಹಿಂದಿನ, ಅಂಚಿನಲ್ಲಿ ಗೀರಿರೋದು ನೋಡಿ. 2011ರಲ್ಲೇ ಚಲಾವಣೆ ನಿಂತುಹೋಯಿತು, ಆದರೆ ಯಾವುದಾದರೂ ಮನೆಯ ಹಳೇ ಡಬ್ಬಿಯಲ್ಲಿ ಸಿಕ್ಕೇ ಸಿಗುತ್ತದೆ. ಮೊದಲ ವಾರ ಕೈಯಿಂದ ಜಾರುತ್ತದೆ, ಬಿಡಬೇಡಿ.

ಹಳೇ_ವಾಲ್ವ್:

ಆಂಪ್ ವಿಷಯಕ್ಕೆ ಬರ್ತೀನಿ. ಒಡೆಯೋ ಸೌಂಡಿಗೆ ದೊಡ್ಡ ಆಂಪೇ ಬೇಕು ಅಂತ ಇಲ್ಲ. ಕ್ವೀನ್‌ನ ಬಾಸ್ ವಾದಕ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವರು. 1972ರ ಹೊತ್ತಿಗೆ ಕಸದ ತೊಟ್ಟಿಯಲ್ಲಿ ಒಂದು ಸರ್ಕ್ಯೂಟ್ ಬೋರ್ಡ್ ಸಿಕ್ಕಿತು, ರೇಡಿಯೋದ್ದು. ಮನೆಗೆ ತಂದು ಒಂದು ಪುಟ್ಟ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿದರು. 9 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ, ವಾಲ್ಯೂಮ್ ಗುಂಡಿ ಕೂಡ ಇಲ್ಲ. ಅದೇ ಡೀಕಿ ಆಂಪ್. 1975ರ 'ಗುಡ್ ಕಂಪನಿ' ಹಾಡಿನಲ್ಲಿ ಕ್ಲಾರಿನೆಟ್, ಟ್ರಂಪೆಟ್ ಥರ ಕೇಳೋ ಜಾಝ್ ವಾದ್ಯಗಳೆಲ್ಲಾ ಆ ಪೆಟ್ಟಿಗೆಯಿಂದ ಬಂದ ಗಿಟಾರ್. ಅದೂ ಟ್ರಾನ್ಸಿಸ್ಟರೇ, ಆದರೆ ಹಳೇ ಜರ್ಮೇನಿಯಂ, ಮೆತ್ತಗೆ ಒಡೆಯುತ್ತದೆ. ಈ ಹಾಡನ್ನ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ.

ನಿಮಗೆ ನನ್ನ ಸಲಹೆ: ಡಿಸ್ಟಾರ್ಷನ್ ಪೆಡಲ್ ಮಾರಿ. ಆ ದುಡ್ಡಿನಲ್ಲಿ ಗಿಟಾರಿಗೇ ಸಿಕ್ಕಿಸೋ ವಾಕ್ಸ್ ಆಂಪ್‌ಪ್ಲಗ್ ಬರುತ್ತದಲ್ಲ, ಅದರ ಎಸಿ30 ಮಾದರಿ ತಗೊಳ್ಳಿ. ಹೆಡ್‌ಫೋನಿನಲ್ಲಿ ರಾತ್ರಿಯೆಲ್ಲಾ ನುಡಿಸಬಹುದು. ಮುಂದೆ ಸ್ವಂತ ಜಾಗ ಆದಾಗ ನಾಲ್ಕೈದು ವಾಟಿನ ಸಣ್ಣ ವಾಲ್ವ್ ಆಂಪ್ ನೋಡಿ. ವಾಲ್ವ್ ಆಂಪನ್ನ ಸ್ಪೀಕರ್ ಬಿಚ್ಚಿ ಯಾವತ್ತೂ ಆನ್ ಮಾಡಬೇಡಿ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಆರು_ತಂತಿ:

ಮೂರು ವಾರ ಆಯಿತು, ಬಂದು ಹೇಳೋಣ ಅನ್ನಿಸಿತು. ವೈರಿಂಗ್ ಗೆಳೆಯನೊಬ್ಬ ಮಾಡಿಕೊಟ್ಟ. ಅಜ್ಜಿಯ ಎಲೆ ಅಡಿಕೆ ಡಬ್ಬಿಯಲ್ಲಿ 1985ರ ನಾಲ್ಕಾಣೆ ಸಿಕ್ಕಿತು. ಆಂಪ್‌ಪ್ಲಗ್ ಮೊನ್ನೆ ಬಂತು.

ಗೇನ್ ಮುಕ್ಕಾಲು, ಗಿಟಾರ್ ವಾಲ್ಯೂಮ್ ಹತ್ತು, ಮೂರನೇ ತಂತಿ ಏಳನೇ ಫ್ರೆಟ್‌ನಿಂದ ಒಂದು ಸ್ವರ ಎಳೆದೆ. ನಿಂತಿತು. ಪೂರ್ತಿ ಅವರದ್ದೇ ಅಂತ ಹೇಳಲಾರೆ, ಆದರೆ ದುಂಬಿ ಹೋಯಿತು. ವಾಲ್ಯೂಮ್ ನಾಲ್ಕಕ್ಕೆ ಇಳಿಸಿದರೆ ಅದೇ ಸೆಟ್ಟಿಂಗಿನಲ್ಲಿ ಕ್ಲೀನ್! ರಾತ್ರಿ ಎರಡು ಗಂಟೆವರೆಗೆ ಆ ಗುಂಡಿ ಒಂದನ್ನೇ ತಿರುಗಿಸ್ತಾ ಕೂತಿದ್ದೆ.

ಈಗ ಟ್ರೆಬಲ್ ಬೂಸ್ಟರ್ ನಾನೇ ಕಟ್ಟಬೇಕು ಅಂತಿದ್ದೀನಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಸಾಮಾನು ತರ್ತೀನಿ, ಏನೇನು ಬೇಕು ಹೇಳ್ತೀರಾ?

ಬೆಸುಗೆ_ಹೊಗೆ:

ಭಲೇ! ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಅಲೆಯಬೇಡಿ, ಮೊದಲನೆಯದಕ್ಕೆ ಬಿಸಿ109 ಸಿಲಿಕಾನ್ ಸಾಕು. ಬಿಸಿಲು ಹೆಚ್ಚಾದರೂ ಸೌಂಡ್ ಬದಲಾಗೋದಿಲ್ಲ. ಅದಕ್ಕೆ ಹೊಂದೋ ಸರ್ಕ್ಯೂಟ್ ಚಿತ್ರ, ಸಾಮಾನಿನ ಪಟ್ಟಿ ಇವತ್ತು ರಾತ್ರಿ ಹಾಕ್ತೀನಿ. ಮುಂದೆ ಜರ್ಮೇನಿಯಂನಲ್ಲಿ ಕಟ್ಟೋದಾದರೆ ನೆನಪಿಡಿ, ಅದರಲ್ಲಿ ಬ್ಯಾಟರಿಯ ಪ್ಲಸ್ ಗ್ರೌಂಡಿಗೆ ಹೋಗುತ್ತದೆ. ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಬೇಡಿ, ಪ್ರತ್ಯೇಕ ಬ್ಯಾಟರಿ ಕೊಡಿ.