ಬರ್ಫದ ನೆಲದಾಗ ಎಣ್ಣಿ ಬೋರು ಹೊಡಿಯೂ ಗಾಡಿ ಹ್ಯಾಂಗ ನಿಲ್ತದ?

ಬೋರ್‌ಗಾಡಿ, ಶಹಾಪುರ:
ನಮಸ್ಕಾರ್ರಿ. ಹದಿನಾಲ್ಕು ವರ್ಷಾಯ್ತು ಬೋರ್‌ವೆಲ್ ಗಾಡಿ ಮ್ಯಾಲ ದುಡಿಲತ್ತೀನಿ. ನಮ್ಮ ಸೀಸನ್ ಅಂದ್ರ ಬ್ಯಾಸಗಿ. ಒಂದು ಮಳಿ ಬಿತ್ತಂದ್ರ ಎರಿ ಹೊಲದಾಗ ಗಾಡಿ ಅಚ್ಚಿನ ತನಕ ಕುಂದರ್ತದ. ಹೋದ ವರ್ಷ ಜೇವರ್ಗಿ ಕಡಿ ಎರಡು ಜೆಸಿಬಿ ತರಿಸಿ ಎಳಿಸೀವಿ. ಮಗಳು ಏಳನೇತ್ತ ಓದ್ತಾಳ. ಅಲಾಸ್ಕಾದಾಗ ನೆಲಾನೇ ಬರ್ಫದ್ದು, ಅಲ್ಲಿ ಎಣ್ಣಿ ತೆಗೀತಾರಂತ ಓದಿ "ಅಪ್ಪಾ, ಅಲ್ಲಿ ಗಾಡಿ ಸಿಗಬೀಳಂಗಿಲ್ಲೇನು?" ಅಂದ್ಲು. ನನಗ ಉತ್ತರ ಬರಲಿಲ್ಲ. ಬೋರು ಹೊಡದ್ರ ಬರ್ಫ ಕರಗತದ ಅಂತ ಗದ್ದಲ ಮಾಡ್ತಾರಲ್ಲ, ಒಂದು ತೂತಿಗೆ ಅಷ್ಟು ಕರಗತದೇನ್ರಿ?

ಎರಿಮಣ್ಣು ಮಾಸ್ತರ, ಕಲಬುರಗಿ:
ಅಣ್ಣಾರ, ಮಗಳ ಪ್ರಶ್ನಿ ನಿಮ್ಮದಕ್ಕಿಂತ ಛಲೋ ಅದ. (ನಾ ಪಾಲಿಟೆಕ್ನಿಕ್‌ನಾಗ ಪಾಯಾ ಕಲಿಸಾವ, ಹಿಂತಾವು ಸಿಕ್ಕರ ಬಿಡಂಗಿಲ್ಲ.) ನಿಮ್ಮ ಸೀಸನ್ ಉಲ್ಟಾ ಮಾಡ್ರಿ. ಅಲ್ಲಿ ಚಳಿಗಾಲದಾಗ ನೆಲ ಕಲ್ಲಿನಂಗ ಬಿಗೀತದ, ಮ್ಯಾಲ ನೀರು ಸುರದು ಬರ್ಫದ ರೋಡ್ ಮಾಡಿ ಗಾಡಿ ಹಾಯಿಸ್ತಾರ. ಬ್ಯಾಸಗ್ಯಾಗ ಮ್ಯಾಲಿನ ಪದರ ಕರಗಿ ಬರೇ ಕೆಸರು. 1979ರಿಂದ ಈಚಿಗಿ ಉತ್ತರ ಧ್ರುವದ ಸುತ್ತಲಿನ ಆರ್ಕ್‌ಟಿಕ್ ಭಾಗ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ಕಾಯಲತ್ತದ, ಹಂಗಾಗಿ ಆ ರೋಡಿನ ದಿನ ಕಡಿಮಿ ಆಗಲತ್ತಾವ.

ತೂತೊಂದರ ಮಾತಲ್ಲ. ಎಣ್ಣಿ ಆಳದಿಂದ ಬಿಸಿ ಬಿಸಿ ಬರ್ತದ. 1977ರಾಗ ಅಲ್ಲಿ ಸುಮಾರು 1,287 ಕಿ.ಮೀ. ಪೈಪ್‌ಲೈನ್ ಚಾಲೂ ಆಯ್ತು. ಹೂತ್ರ ನೆಲ ಕರಗಿ ಕುಸೀತದಂತ ಅರ್ಧಕ್ಕಿಂತ ಜಾಸ್ತಿ ಭಾಗ ಕಾಲು ನಿಲ್ಲಿಸಿ ಮ್ಯಾಲ ಹೊತ್ತಾರ. ಆ ಕಾಲುಗಳಾಗ ಭಾಳಷ್ಟರೊಳಗ ಅಮೋನಿಯಾ ತುಂಬಿದ ನಳಗಿ: ನೆಲದ ಬಿಸಿ ಹೀರಿ ಆವಿಯಾಗಿ ಮ್ಯಾಲೇರ್ತದ, ಚಳಿಗಾಳಿಗೆ ತಣ್ಣಗಾಗಿ ಮತ್ತ ಕೆಳಗ ಇಳೀತದ. ಕರೆಂಟ್ ಬ್ಯಾಡ, ಮೋಟರ್ ಬ್ಯಾಡ. ಅದು ಕಂಡ್ರ ನನಗ ಭಾಳ ಹೊಟ್ಟೆಕಿಚ್ಚು. ಆದ್ರ ಗಾಳಿ ನೆಲಕ್ಕಿಂತ ತಣ್ಣಗಿದ್ರನ ಅದು ನಡಿಯೂದು. ಆ ಪೈಪಿನ ಎಣ್ಣಿ ಸುಟ್ಟ ಹೊಗಿನೇ ಈಗ ಚಳಿ ಕಮ್ಮಿ ಮಾಡಲತ್ತದ ನೋಡ್ರಿ.

ಬೀದರ ಹುಡುಗ:
ಶ್ರೀಮಂತ ದೇಶದವ್ರು ತಾವು ಸುಟ್ಟು ಮುಗಿಸಿ ನಮಗ ಬುದ್ಧಿ ಹೇಳ್ತಾರ. ಡೀಸೆಲ್ ಇಲ್ದ ನಮ್ಮ ಟ್ರ್ಯಾಕ್ಟರ್ ಓಡ್ತದೇನ್ರಿ ಮಾಸ್ತರ?

ಎರಿಮಣ್ಣು ಮಾಸ್ತರ:
ಓಡಂಗಿಲ್ಲ ತಮ್ಮಾ, ಮೊದಲ ಮಾತೂ ಖರೇನೇ. ಡೀಸೆಲ್‌ದೇ ಹೇಳ್ತೀನಿ. 2020ರ ಮೇನಾಗ ರಷ್ಯಾದ ನೊರಿಲ್‌ಸ್ಕ್‌ನಾಗ ಡೀಸೆಲ್ ಟಾಕಿ ಒಡದು ಸುಮಾರು 20,000 ಟನ್ ಹರೀತು, ನದಿ ಕೆಂಪಾಯ್ತು. ನೆಲ ಕರಗಿ ಪಾಯಾ ಕುಂತದ ಅಂತ ಕಂಪನಿ. ಕಟ್ಟಿದ್ದರಾಗೇ ದೋಷ ಅಂತ ತಪಾಸಣಿಯವ್ರು. ನಮ್ಮ ಎರಿ ನೆಲದಾಗ ಗ್ವಾಡಿ ಸೀಳಿದಾಗನೂ ಇದೇ ಜಗಳ ಅಲ್ಲೇನು, ಮಣ್ಣಿಂದೋ ಮೇಸ್ತ್ರಿದೋ?

ಚೆಲ್ಲಿದ್ದು ಅಲ್ಲಿ ಲಗೂನ ಹೋಗಂಗಿಲ್ಲ, ಚಳಿಗೆ ಎಣ್ಣಿ ತಿನ್ನೂ ಸೂಕ್ಷ್ಮಜೀವಿನೂ ನಿಧಾನ. 1989ರಾಗ ಅಲಾಸ್ಕಾ ದಂಡಿಗೆ ಎಕ್ಸಾನ್ ವಾಲ್ಡೀಜ್ ಹಡಗ ಬಂಡಿಗಲ್ಲಿಗೆ ಬಡದು ಸುಮಾರು 4 ಕೋಟಿ ಲೀಟರ್ ಚೆಲ್ತು, ಅಂದಾಜು ಎರಡೂವರಿ ಲಕ್ಷ ಹಕ್ಕಿ ಸತ್ತವು. ಇಪ್ಪತ್ತು ವರ್ಷದ ಮ್ಯಾಲೂ ದಂಡಿ ಕಲ್ಲಿನ ಕೆಳಗ ಅಗದ್ರ ಎಣ್ಣಿ ಸಿಗ್ತಿತ್ತು.

ಬೋರ್‌ಗಾಡಿ, ಶಹಾಪುರ:
ಸರ, ಒಂದು ಡೌಟ್. ಬಿಸಿ ಎಣ್ಣಿ ಮ್ಯಾಲ ಬರೂವಾಗ ಕೇಸಿಂಗ್ ಸುತ್ತಿನ ಬರ್ಫ ಕರಗಿ ಕೇಸಿಂಗ್ ಸಡ್ಲ ಆಗಂಗಿಲ್ಲೇನ್ರಿ?

ಎರಿಮಣ್ಣು ಮಾಸ್ತರ:
ಕಸಬಿನವ್ರ ಪ್ರಶ್ನಿ! ಆಗ್ತದ, ಅದೇ ಅವರಿಗೆ ದೊಡ್ಡ ತ್ರಾಸು. ಅಲಾಸ್ಕಾದಾಗ ಎಣ್ಣಿ ತೆಗಿಯೂ ಪ್ರುಡೋ ಬೇ ಕಡಿ ಬಿಗದ ನೆಲ ಸುಮಾರು 600 ಮೀಟರ್ ಆಳ ಅದ, ಅಷ್ಟೂ ದೂರ ಬರ್ಫ ಕರಗದಂಗ ಕಾಪಾಡಬೇಕು.

ಬೋರ್‌ಗಾಡಿ, ಶಹಾಪುರ:
ಅಂದ್ರ ಎರಡು ಸಾವಿರ ಫೂಟು! ನಮ್ಮ ಗಾಡ್ಯಾಗಿನ ರಾಡೆಲ್ಲಾ ಜೋಡಿಸಿದ್ರೂ ಬರ್ಫದ ಬುಡ ಮುಟ್ಟಂಗಿಲ್ಲ. ಮಗಳಿಗೆ ಹೇಳ್ತೀನ್ರಿ.