ದರಗು ತರುವ ದಿನಗಳಲ್ಲಿ ಉಣುಗಿನ ಕಾಟ: ಏನೇನು ಎಚ್ಚರಿಕೆ ಬೇಕು?

ಸೊಪ್ಪಿನಬೆಟ್ಟ (ಸಾಗರ ತಾಲ್ಲೂಕು):
ನಮ್ಮ ಮನೆ ಕಾಡಂಚಿನಲ್ಲಿದೆ. ಅಡಿಕೆ ಕೊಯ್ಲು ಮುಗಿಯುತ್ತ ಬಂದಿದ್ದು, ಇನ್ನು ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ದರಗು (ಉದುರಿದ ಒಣ ಎಲೆ) ಗುಡಿಸಿ ತರುವ ಕೆಲಸ ಶುರುವಾಗುತ್ತದೆ. ಹೋಗಿ ಬಂದವರ ಸೊಂಟದ ಸುತ್ತ, ಮೊಣಕಾಲಿನ ಹಿಂಬದಿಯಲ್ಲಿ, ಕಂಕುಳಲ್ಲಿ ಸಾಸಿವೆಗಿಂತ ಸಣ್ಣ ಉಣುಗುಗಳು (ರಕ್ತ ಹೀರುವ ಉಣ್ಣೆಗಳು) ಕಚ್ಚಿಕೊಂಡಿರುತ್ತವೆ. ಕಿತ್ತು ತೆಗೆದ ಮೇಲೂ ತುರಿಕೆ ಬೇಗ ಹೋಗುವುದಿಲ್ಲ. ಈ ವರ್ಷ ನಮ್ಮ ಕಡೆ ಮಂಗ ಸತ್ತ ಸುದ್ದಿ ಇಲ್ಲವಾದ್ದರಿಂದ ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆ ಹೆದರಬೇಕಾಗಿಲ್ಲ ಎಂದು ಅಪ್ಪಯ್ಯ ಹೇಳುತ್ತಾರೆ. ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಆ ಕಾಯಿಲೆ ಹರಡಿದ್ದನ್ನು ಕಂಡ ನನಗೆ ಆ ಧೈರ್ಯ ಬರುತ್ತಿಲ್ಲ. ಅವರ ಮಾತು ಸರಿಯೇ? ಈಗ ಲಸಿಕೆ ಸಿಗುತ್ತದೆಯೇ? ಕಚ್ಚಿದ ಉಣುಗನ್ನು ಹೇಗೆ ತೆಗೆಯಬೇಕು?

ನಿವೃತ್ತ ಆರೋಗ್ಯ ಸಹಾಯಕ:
ಮಂಗ ಸತ್ತಿಲ್ಲ ಎಂಬುದನ್ನೇ ನಂಬಿ ಕೂರಬೇಡಿ ಎಂದು ನಿಮ್ಮ ತಂದೆಯವರಿಗೆ ದಯವಿಟ್ಟು ತಿಳಿಸಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗಲೇ ರೋಗ ಗುರುತಿಗೆ ಬಂದದ್ದರಿಂದ ಅದಕ್ಕೆ ಮಂಗನ ಕಾಯಿಲೆ ಎಂಬ ಹೆಸರು ನಿಂತಿತು. ಆದರೆ ವೈರಾಣು ನೆಲೆ ನಿಂತಿರುವುದು ಉಣುಗಿನಲ್ಲಿ ಮತ್ತು ಕಾಡಿನ ಇಲಿ, ಮೂಗಿಲಿಗಳಂತಹ ಸಣ್ಣ ಪ್ರಾಣಿಗಳಲ್ಲಿ. ಮುಸಿಯವೋ ಮಂಗವೋ ಒಳಕಾಡಿನಲ್ಲಿ ಸತ್ತರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೀಗಾಗಿ ಸತ್ತ ಮಂಗ ಕಂಡರೆ ಅದು ಅಪಾಯದ ಸೂಚನೆ. ಕಾಣದಿದ್ದರೆ ಅಪಾಯ ಇಲ್ಲವೆಂದು ಹೇಳಲು ಬರುವುದಿಲ್ಲ. ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ. ಸತ್ತ ದೇಹ ತಣ್ಣಗಾದಂತೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ನೆಲಕ್ಕೆ ಇಳಿಯುವುದರಿಂದ, ಸುತ್ತಲೂ ಸುಮಾರು 50 ಮೀಟರ್ ದೂರದವರೆಗೆ ಕೀಟನಾಶಕ ಹಾಕುವ ತನಕ ಅತ್ತ ಯಾರೂ ಸುಳಿಯಬಾರದು.

ಹಳೆಯ ಲಸಿಕೆಯ ಪರಿಣಾಮ ಕುಗ್ಗಿದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆ. ಬೆಟ್ಟಕ್ಕೆ ಹೊರಡುವ ಮುನ್ನ ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಕಣ್ಣು, ಬಾಯಿ, ಗಾಯಗಳಿಗೆ ತಾಗಬಾರದು. ಬೆವರಿನಲ್ಲಿ ಎಣ್ಣೆ ಇಳಿದುಹೋಗುವುದರಿಂದ ಬೆಳಿಗ್ಗೆ ಒಮ್ಮೆ ಹಚ್ಚಿ ಸಂಜೆಯವರೆಗೆ ದುಡಿದರೆ ಪ್ರಯೋಜನವಿಲ್ಲ, ನಡುವೆ ಮತ್ತೆ ಹಚ್ಚಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಅದೇ ಬಟ್ಟೆಯಲ್ಲಿ ಮಂಚದ ಮೇಲೆ ಕುಳಿತರೆ ಉಣುಗನ್ನು ಮಕ್ಕಳ ಹಾಸಿಗೆಗೇ ತಂದು ಬಿಟ್ಟಂತಾಗುತ್ತದೆ.

ತೋಟದಮನೆ (ಹೊಸನಗರ):
ದರಗು ತರಬೇಡಿ ಎಂದು ಹೇಳುವುದು ಸುಲಭ. ಎಲೆ ಉದುರುವ ಕಾಲ, ಉಣುಗಿನ ಕಾಲ, ನಮಗೆ ಬೆಟ್ಟದ ಕೆಲಸಕ್ಕೆ ಬಿಡುವು ಸಿಗುವ ಕಾಲ ಮೂರೂ ಒಂದೇ ಆಗಿರುವುದರಿಂದಲೇ ಆ ಸಲಹೆ ಊರಿನಲ್ಲಿ ನಡೆಯುವುದಿಲ್ಲ. ಗೊಬ್ಬರವಿಲ್ಲದೆ ತೋಟ ಉಳಿಯುವುದಿಲ್ಲ ಎಂಬುದೂ ನಿಜವೇ. ನಮ್ಮ ಮನೆಯಲ್ಲಿ ಈಗ ಅಡಿಕೆ ಸೋಗೆಯನ್ನು ಕೊಚ್ಚಿ, ಒಣಹುಲ್ಲಿನೊಂದಿಗೆ ಕೊಟ್ಟಿಗೆಗೆ ಹಾಸುತ್ತೇವೆ. ಅದು ಸಾಲದಾದಾಗ ಮಾತ್ರ ಬೆಟ್ಟಕ್ಕೆ ಹೋಗುತ್ತೇವೆ. ತಂದ ದರಗನ್ನು ಮನೆಯ ಅಂಗಳದಲ್ಲಿ ರಾಶಿ ಹಾಕುವುದಿಲ್ಲ.

ಹೋಗುವಾಗ ಬಿಳಿಯ ಅಥವಾ ತೆಳು ಬಣ್ಣದ ತುಂಬು ತೋಳಿನ ಅಂಗಿ ಮತ್ತು ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಗಂಬೂಟು ತೊಡುವುದು ಒಳ್ಳೆಯದು. ಉಣುಗು ಹಾರುವುದೂ ಇಲ್ಲ, ಮರದಿಂದ ಬೀಳುವುದೂ ಇಲ್ಲ. ಹುಲ್ಲಿನ, ಗಿಡದ ತುದಿಯಲ್ಲಿ ಮುಂಗಾಲು ಚಾಚಿ ಕಾದಿದ್ದು, ಸೋಕಿದವರನ್ನು ಹಿಡಿದು ಮೇಲಕ್ಕೆ ಹರಿಯುತ್ತದೆ. ಬಿಳಿ ಬಟ್ಟೆಯ ಮೇಲೆ ಆ ಕಂದು ಚುಕ್ಕೆ ನಿಧಾನವಾಗಿ ಏರುತ್ತಿರುವುದು ಕಾಣುತ್ತದೆ, ಕಚ್ಚುವ ಮೊದಲೇ ಕೊಡವಬಹುದು. ಎಲೆಯಡಿಕೆ ಹಾಕಲೆಂದು ದರಗಿನ ಮೇಲೆ ಕುಳಿತುಕೊಳ್ಳುವ ಅಭ್ಯಾಸವನ್ನಂತೂ ಬಿಡಲೇಬೇಕು.

ಪಶುವೈದ್ಯೆ, ಮಲೆನಾಡು:
ಜಾನುವಾರುಗಳ ಮಾತನ್ನು ಇಲ್ಲಿ ಯಾರೂ ಎತ್ತಿಲ್ಲ. ಬಲಿತ ಉಣುಗು ಮಳೆಗಾಲದಲ್ಲಿ ಮೇಯಲು ಹೋದ ದನಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು, ರಾಶಿ ಮೊಟ್ಟೆಯಿಡುತ್ತದೆ. ಮಳೆ ಮುಗಿದ ಮೇಲೆ ಮರಿಗಳು ಹೊರಬಂದು, ಜನವರಿಯಿಂದ ಮೇ ತಿಂಗಳ ನಡುವೆ ಮನುಷ್ಯರನ್ನು ಹೆಚ್ಚಾಗಿ ಕಚ್ಚುವ ಎಳೆಯ ಉಣುಗುಗಳಾಗಿ ಬೆಳೆಯುತ್ತವೆ. ಈ ಕಾಯಿಲೆ ದನಗಳಿಂದ ನೇರವಾಗಿ ನಮಗೆ ಬರುವುದಿಲ್ಲವಾದರೂ ಉಣುಗಿನ ಸಂತತಿ ಬೆಳೆಯುವುದು ಅವುಗಳ ಮೈಮೇಲೆಯೇ. ಆದ್ದರಿಂದ ಉಣುಗಿನ ಔಷಧವನ್ನು ಬೇಸಿಗೆಗೆಂದು ಕಾಯದೆ ಮಳೆಗಾಲದಲ್ಲಿಯೇ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ.

ಕಚ್ಚಿದ ಉಣುಗಿಗೆ ಸೀಮೆಎಣ್ಣೆ ಸುರಿಯುವುದು, ಬೀಡಿಯ ಕೆಂಡ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಯಾವುದೂ ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು, ತಿರುಚದೆ ನೇರವಾಗಿ ಎಳೆದು, ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ನಿವೃತ್ತ ಆರೋಗ್ಯ ಸಹಾಯಕ:
ಜ್ವರದ ವಿಷಯವನ್ನು ಸೇರಿಸಲೇಬೇಕು. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಚಳಿಜ್ವರ, ಹಣೆಯ ಭಾಗದಲ್ಲಿ ಬಲವಾದ ತಲೆನೋವು, ಮೈಕೈ ನೋವು, ವಾಂತಿ ಕಾಣಿಸಿಕೊಂಡರೆ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಆಸ್ಪಿರಿನ್, ಐಬುಪ್ರೊಫೇನ್‌ನಂತಹವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಬೆಟ್ಟಕ್ಕೆ ಹೋಗಿದ್ದೆವು ಎಂದು ವೈದ್ಯರಿಗೆ ನೀವಾಗಿಯೇ ಹೇಳಿ, ರಕ್ತಪರೀಕ್ಷೆ ಮಾಡಿಸಿ. ಶಿವಮೊಗ್ಗದಲ್ಲಿಯೇ ಇದಕ್ಕೆ ಪ್ರಯೋಗಾಲಯವಿದೆ. ವೈರಾಣುವನ್ನು ಕೊಲ್ಲುವ ಔಷಧವಿಲ್ಲದಿದ್ದರೂ ಬೇಗ ಆಸ್ಪತ್ರೆ ಸೇರಿದವರನ್ನು ದ್ರವ ಕೊಟ್ಟು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ಉಳಿಸಿಕೊಳ್ಳಲು ಹೆಚ್ಚು ಅವಕಾಶವಿದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸಿ, ನಡುಕವೂ ಗೊಂದಲವೂ ಬರುವುದುಂಟು. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲವಾದ್ದರಿಂದ ಆರೈಕೆ ಮಾಡಲು ಯಾರೂ ಅಂಜಬೇಕಾಗಿಲ್ಲ.

ಸೊಪ್ಪಿನಬೆಟ್ಟ:
ಎಲ್ಲರಿಗೂ ವಂದನೆಗಳು. ಅಪ್ಪಯ್ಯನಿಗೆ ಇದನ್ನೆಲ್ಲ ಓದಿ ಹೇಳಿದೆ. ಈ ಸಲ ಸೋಗೆ ಕೊಚ್ಚೋಣ ಎಂದಿದ್ದಾರೆ. ಕೆಲಸಕ್ಕೆ ಬರುವವರಿಗೂ ಆರೋಗ್ಯ ಕೇಂದ್ರದಲ್ಲಿ ಎಣ್ಣೆ ಕೊಡುತ್ತಾರೆಯೇ?

ನಿವೃತ್ತ ಆರೋಗ್ಯ ಸಹಾಯಕ:
ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಅವರ ಹೆಸರುಗಳನ್ನೂ ಬರೆಸಿ. ಮನೆಯವರಿಗಿಂತ ಹೆಚ್ಚು ಹೊತ್ತು ಬೆಟ್ಟದಲ್ಲಿರುವವರು ಅವರೇ. ಕೆಲಸದ ನಡುವೆ ಎರಡನೇ ಸಲ ಎಣ್ಣೆ ಹಚ್ಚಿಕೊಳ್ಳಲು ಅವರಿಗೆ ಬಿಡುವನ್ನೂ ಕೊಡಿ.