ಸಹಾಯ ಬೇಕು: ಮಗಳ ರಜೆ ಶಾಲೆಗೆ ಹೇಗೆ ತಿಳಿಸೋದು?

ನಮಸ್ಕಾರ. ನಾವು ಚಳ್ಳಕೆರೆ ಹತ್ರದ ಹಳ್ಳಿಯವರು. ಮಗಳು ಸರ್ಕಾರಿ ಶಾಲೇಲಿ 3ನೇ ಕ್ಲಾಸು. ಮೈಮೇಲೆ ಅಮ್ಮ ಎದ್ದು ಇವತ್ತಿಗೆ 6 ದಿನ. ಗುಳ್ಳೆ ಎಲ್ಲಾ ಒಣಗಿ ಹಕ್ಕಳೆ ಕಟ್ಟೋವರೆಗೂ ಕಳಿಸಬೇಡಿ, ಬೇರೆ ಮಕ್ಕಳಿಗೂ ಅಂಟುತ್ತೆ ಅಂದ್ರು ಆಶಾ ಅಕ್ಕ. ಮೊದಲ ದಿನವೇ ಪಕ್ಕದ ಮನೆ ಹುಡುಗನ ಕೈಲಿ ಹೇಳಿ ಕಳಿಸಿದ್ದೆ. ಆ ಪುಣ್ಯಾತ್ಮ ಬಿಸಿಯೂಟ ಉಂಡು ಬಂದ, ಮಾತು ಮರೆತ! ಹಾಜರಿಯಲ್ಲಿ ಈಗ ಬರೀ ಗೈರು. 'ಶೇಂಗಾ ಬಿಡಿಸೋಕೆ ಕರ್ಕೊಂಡು ಹೋಗಿದ್ದೀರಾ?' ಅಂತ ಮೇಷ್ಟ್ರು ಫೋನಲ್ಲಿ ಕೇಳಿದಾಗ ತುಂಬಾ ಬೇಜಾರಾಯ್ತು.

ಈಗ ರಜೆ ಅರ್ಜಿ ಕೊಟ್ರೆ ನಡೆಯುತ್ತಾ? ಡಾಕ್ಟರ್ ಚೀಟಿ ಇಲ್ಲ, ಮನೇಲೇ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ವಿ. ಅರ್ಜಿ ಹೆಡ್‌ಮಾಸ್ಟರ್ ಹೆಸರಿಗೋ, ಕ್ಲಾಸ್ ಮೇಷ್ಟ್ರಿಗೋ? ಟೀಚರ್‌ಗಳು ಯಾರಾದ್ರೂ ಇದ್ರೆ ಹೇಳಿ, ನಾಳೆ ಬೆಳಿಗ್ಗೆ ನಾನೇ ಹೋಗ್ತೀನಿ.